ಬಿಡೋಕೆ ಜಾಸ್ತಿ, ಬಡಿದಾಡೋಕೆ ಕಮ್ಮಿ

(ಹಾಸನದಲ್ಲಿ ನಮ್ಮ ಬಡಾವಣೆಯವರು ಸೇರಿದ್ದ ಒಂದು ಭಾನುವಾರ ಸಂಜೆ ಬೈಕ್ ಇನ್ಶೂರೆನ್ಸ್ ಕ್ಲೇಮ್ ಬಗ್ಗೆ ಆಡಿದ ಮಾತುಗಳಿವು. ಬರೆದು ಕೊಡಿ ಅಂತ ಕೆಲವರು ಕೇಳಿದ್ದಕ್ಕೆ ಬರೆದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನೂ ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಬೈಕೋ ಸ್ಕೂಟರೋ ಇಲ್ಲದವರು ಕೈ ಎತ್ತಿ ಅಂದೆ. ಎರಡು ಕೈ ಎದ್ದವು. ಇನ್ಶೂರೆನ್ಸ್ ಪಾಲಿಸಿಯನ್ನು ಕೊನೆ ಪುಟದವರೆಗೂ ಓದಿದವರು ಎತ್ತಿ ಅಂದೆ. ಒಂದೂ ಏಳಲಿಲ್ಲ. ನಾಚಿಕೆ ಬೇಡ, 2024ರ ಜುಲೈವರೆಗೆ ನನ್ನ ಕೈಯೂ ಏಳುತ್ತಿರಲಿಲ್ಲ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವನು. ಮಕ್ಕಳಿಗೆ ಪ್ರಶ್ನೆಪತ್ರಿಕೆ ಪೂರ್ತಿ ಓದಿ ಆಮೇಲೆ ಬರೀರಿ ಅಂತ ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೇನೆ. ನನ್ನ ಪಾಲಿಸಿ ಮಾತ್ರ ಓದಿರಲಿಲ್ಲ.

ಆವತ್ತು ಶನಿವಾರ, ಬೆಳಗಿನ ಶಾಲೆ. ಮುಗಿಸಿಕೊಂಡು ಬಾಳ್ಳುಪೇಟೆ ಕಡೆಯಿಂದ ಹಾಸನಕ್ಕೆ ಬರುತ್ತಿದ್ದೆ. ಸಕಲೇಶಪುರದ ಕಡೆ ಜುಲೈ ಮಳೆ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಒಂದು ನಾಯಿ ಅಡ್ಡ ಬಂತು. ಬ್ರೇಕ್ ಹಿಡಿದೆ, ಮುಂದಿನ ಚಕ್ರ ಜಾರಿತು, ರಸ್ತೆ ಪಕ್ಕದ ಮೋರಿ ಕಟ್ಟೆಗೆ ಹೋಗಿ ಗುದ್ದಿದೆ. ಮೊಣಕೈ ತರಚಿತು, ಅಷ್ಟೇ. ಹೆಲ್ಮೆಟ್ ಇತ್ತು. ನಾಯಿಗೂ ಏನೂ ಆಗಲಿಲ್ಲ. ಬೈಕ್ ಮಾತ್ರ ಮುಂದೆಲ್ಲಾ ಹೋಯಿತು. ಹೆಡ್‌ಲೈಟ್ ಚೂರಾಯಿತು, ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಬೆಂಡಾಯಿತು, ಅಲಾಯ್ ಚಕ್ರ ಬಿರುಕು ಬಿಟ್ಟಿತು, ಇಂಜಿನ್ ಪಕ್ಕದ ಕವರ್ ಒಡೆದು ಆಯಿಲ್ ರಸ್ತೆ ಮೇಲೆ ಹರಿಯುತ್ತಿತ್ತು.

ಎತ್ತಿ ನಿಲ್ಲಿಸಿದ ತಕ್ಷಣ ನನ್ನ ಬೆರಳು ಸ್ಟಾರ್ಟ್ ಬಟನ್ ಮೇಲೆ ಹೋಯಿತು. ಯಾರಿಗಾದರೂ ಹೋಗುತ್ತೆ, ಅಲ್ವಾ? ಅಷ್ಟರಲ್ಲಿ ನಮ್ಮ ಮೆಕ್ಯಾನಿಕ್‌ಗೆ ಫೋನ್ ಹಚ್ಚಿದ್ದೆ. ಅವನು ಕಿರುಚಿದ: "ಸಾರ್, ಆಯಿಲ್ ಸೋರ್ತಿದೆ ಅಂದ್ರೆ ಸ್ಟಾರ್ಟ್ ಮಾಡ್ಬೇಡಿ. ಕೀ ತೆಗೆದು ಜೇಬಿಗೆ ಹಾಕ್ಕೊಳ್ಳಿ." ಆ ಒಂದು ಮಾತು ನನಗೆ ಎಷ್ಟು ಸಾವಿರ ಉಳಿಸಿತು ಅನ್ನೋದು ಆಮೇಲೆ ತಿಳಿಯಿತು. ಬಿದ್ದಾಗ ಒಡೆದ ಕವರ್ ಅಪಘಾತದ ನಷ್ಟ. ಅದಕ್ಕೆ ಪಾಲಿಸಿ ಇದೆ. ಆಯಿಲ್ ಇಲ್ಲದ ಇಂಜಿನ್ನನ್ನು ನಾವು ಓಡಿಸಿ ಅದು ಹಿಡಿದುಕೊಂಡರೆ, ಅದು ಅಪಘಾತದಿಂದ ಆಗಿದ್ದಲ್ಲ, ನೀವು ಮಾಡಿದ್ದು ಅನ್ನುತ್ತಾರೆ. ಪಾಲಿಸಿ ಭಾಷೆಯಲ್ಲಿ ಇದಕ್ಕೆ ಕಾನ್ಸಿಕ್ವೆನ್ಷಿಯಲ್ ಲಾಸ್ ಅಂತ ಹೆಸರು. ನೀರು ತುಂಬಿದ ರಸ್ತೆಯಲ್ಲಿ ನಿಂತುಹೋದ ಗಾಡಿಯನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಿ ಇಂಜಿನ್ ಹಾಳು ಮಾಡಿಕೊಂಡವರಿಗೂ ಇದೇ ಉತ್ತರ ಸಿಗುತ್ತೆ. ನಾನು ಲಗೇಜ್ ಆಟೋದಲ್ಲಿ ಬೈಕ್ ಹಾಕಿಸಿಕೊಂಡು ಬಂದೆ. ಅದಕ್ಕೂ ಮೊದಲು ಫೋಟೋ ತೆಗೆದೆ. ನಂಬರ್ ಪ್ಲೇಟ್ ಕಾಣುವ ಹಾಗೆ, ಮೋರಿ ಕಟ್ಟೆ ಕಾಣುವ ಹಾಗೆ, ಚಕ್ರದ ಬಿರುಕು ಹತ್ತಿರದಿಂದ. ಜಾಣತನದಿಂದ ತೆಗೆದಿದ್ದಲ್ಲ. ಹೆಂಡತಿಗೆ ವಾಟ್ಸ್ಯಾಪ್‌ನಲ್ಲಿ ಕಳಿಸೋಕೆ ತೆಗೆದಿದ್ದು.

ಅಲ್ಲಿಂದ ಬೈಕ್ ಮನೆಗೆ ಬರೋಕೆ 45 ದಿನ ಆಯಿತು. ವರಮಹಾಲಕ್ಷ್ಮಿ ಹಬ್ಬ ಕಳೆದ ಮೇಲಿನ ಮಂಗಳವಾರ ಬಂತು. ಬಿಡಿಭಾಗ ಬದಲಾಯಿಸಿದ ಕೆಲಸ ಎರಡು ದಿನದ್ದು. ಉಳಿದ 43 ದಿನ ಏನು ನಡೆಯಿತು ಅನ್ನೋದೇ ಇವತ್ತಿನ ಮಾತು. ಕಂಪನಿ ಹೆಸರು, ಶೋರೂಮ್ ಹೆಸರು ಎರಡನ್ನೂ ಹೇಳೋದಿಲ್ಲ. ಹೆಸರು ಹೇಳಿದರೆ ನೀವು ಅವರನ್ನು ಬಿಟ್ಟು ಇನ್ನೊಬ್ಬರ ಹತ್ತಿರ ಹೋಗುತ್ತೀರಿ, ಅಲ್ಲೂ ಇದೇ ನಾಟಕ ಶುರುವಾಗುತ್ತೆ.

ಮೊದಲ ವಾರ ಸಲೀಸಾಗಿತ್ತು. ಫೋನ್ ಮಾಡಿ ಕ್ಲೇಮ್ ನಂಬರ್ ತೆಗೆದುಕೊಂಡೆ. ಆರ್‌ಸಿ, ಡಿಎಲ್, ಪಾಲಿಸಿ ಕಳಿಸಿದೆ. ಪಾಲಿಸಿಯಲ್ಲಿ ಕ್ಯಾಶ್‌ಲೆಸ್ ಅಂತ ಇತ್ತು. ಶೋರೂಮಿನವರು "ಸಾರ್, ಈ ಕಂಪನಿ ಜೊತೆ ನಮ್ಮ ಟೈ-ಅಪ್ ಹೋದ ತಿಂಗಳು ಮುಗೀತು" ಅಂದರು. ಅಂದರೆ ಪೂರ್ತಿ ಬಿಲ್ ನಾನು ಕಟ್ಟಬೇಕು, ಆಮೇಲೆ ಕಂಪನಿಯಿಂದ ವಾಪಸ್ ಪಡೀಬೇಕು. ಕ್ಯಾಶ್‌ಲೆಸ್ ಅನ್ನೋ ಪದ ಪಾಲಿಸಿಯಲ್ಲಿ ಇದ್ದರೆ ಸಾಲದು, ನಿಮ್ಮೂರಿನ ಶೋರೂಮಿನಲ್ಲೂ ಇರಬೇಕು. ಹಣ ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಎರಡನೇ ವಾರದಿಂದ ಶುರುವಾಯಿತು ನೋಡಿ. ಶೋರೂಮಿಗೆ ಫೋನ್ ಮಾಡಿದರೆ "ಕಂಪನಿಯಿಂದ ಅಪ್ರೂವಲ್ ಬಂದಿಲ್ಲ". ಕಂಪನಿಗೆ ಫೋನ್ ಮಾಡಿದರೆ "ಶೋರೂಮಿನಿಂದ ಎಸ್ಟಿಮೇಟ್ ಬಂದಿಲ್ಲ". ಎಸ್ಟಿಮೇಟ್ ಕಳಿಸಿದ ಇಮೇಲ್ ತೋರಿಸಿ ಅಂತ ಶೋರೂಮಿನಲ್ಲಿ ಕುಳಿತೆ, ತೋರಿಸಿದರು. ಅದನ್ನು ಕಂಪನಿಗೆ ಹೇಳಿದೆ. "ಆ ಮೇಲ್ ಐಡಿ ಈಗ ಬಳಕೆಯಲ್ಲಿಲ್ಲ ಸರ್" ಅಂದರು. ಪ್ರತಿ ಸಲ ಫೋನ್ ಎತ್ತುವವರು ಬೇರೆ. ಪ್ರತಿ ಸಲ ಕ್ಲೇಮ್ ನಂಬರ್ ಒದರಬೇಕು, ಕಥೆ ಮೊದಲಿನಿಂದ ಹೇಳಬೇಕು. ನಾಯಿ ಕಥೆ ಎಷ್ಟು ಸಲ ಹೇಳಿದೆ ಅಂದರೆ, ನಾಯಿ ಬಣ್ಣ ಏನು ಅಂತ ಯಾರಾದರೂ ಕೇಳಬಾರದೇ ಅನ್ನಿಸುತ್ತಿತ್ತು.

18ನೇ ದಿನ ಹೊಸ ಬೇಡಿಕೆ ಬಂತು, ಎಫ್‌ಐಆರ್ ಬೇಕಂತೆ. ಸ್ಟೇಷನ್ನಿಗೆ ಹೋದೆ. ಅಲ್ಲಿದ್ದವರು ಸಮಾಧಾನದಿಂದಲೇ ಕೇಳಿದರು: "ಯಾರ ಮೇಲೆ ಹಾಕೋಣ ಮೇಷ್ಟ್ರೇ, ನಾಯಿ ಮೇಲಾ?" ಬೇರೆಯವರಿಗೆ ಪೆಟ್ಟಾಗಿಲ್ಲ, ಬೇರೆ ಗಾಡಿ ಇಲ್ಲ, ನಾನೇ ಜಾರಿ ಬಿದ್ದಿದ್ದೇನೆ. ಗಾಡಿ ಕಳುವಾದರೆ, ಯಾರಿಗಾದರೂ ಗಾಯವಾದರೆ ಎಫ್‌ಐಆರ್ ಬೇಕೇ ಬೇಕು, ಅದೂ ತಕ್ಷಣ. ನನ್ನಂಥ ಪ್ರಕರಣದಲ್ಲಿ ಅದು ಸುಮ್ನೆ ಓಡಾಟ.

ಇಲ್ಲೊಂದು ವಿಷಯ ಹೇಳಬೇಕು. ನಾನು ಬಿದ್ದದ್ದು ಜುಲೈನಲ್ಲಿ. ಅದರ ಹಿಂದಿನ ತಿಂಗಳು, 2024ರ ಜೂನ್‌ನಲ್ಲಿ, ಐಆರ್‌ಡಿಎಐ ಒಂದು ಮಾಸ್ಟರ್ ಸರ್ಕ್ಯುಲರ್, ಅಂದರೆ ಕಂಪನಿಗಳು ಪಾಲಿಸಬೇಕಾದ ಸುತ್ತೋಲೆ, ಹೊರಡಿಸಿತ್ತು. ಐಆರ್‌ಡಿಎಐ ಅಂದರೆ ಇನ್ಶೂರೆನ್ಸ್ ಕಂಪನಿಗಳಿಗೆ ಲೈಸೆನ್ಸ್ ಕೊಡುವ, ಕಿವಿ ಹಿಂಡುವ ಪ್ರಾಧಿಕಾರ. ಹೈದರಾಬಾದಿನಲ್ಲಿದೆ. ಕಾಗದಪತ್ರ ಇಲ್ಲ ಅನ್ನುವ ಕಾರಣಕ್ಕೆ ಕ್ಲೇಮ್ ತಿರಸ್ಕರಿಸಬಾರದು, ಬೇಕಾದ ಕಾಗದಗಳನ್ನು ಪಾಲಿಸಿ ಕೊಡುವಾಗಲೇ ಕೇಳಬೇಕು, ಆಮೇಲೆ ಕೇಳಿದರೂ ಕ್ಲೇಮಿಗೆ ನೇರವಾಗಿ ಸಂಬಂಧಪಟ್ಟದ್ದನ್ನಷ್ಟೇ ಕೇಳಬೇಕು ಅಂತ ಅದರಲ್ಲಿದೆ. ನನಗೆ ಆಗ ಇದು ಗೊತ್ತಿರಲಿಲ್ಲ. ಫೋನ್ ಎತ್ತಿದ ಹುಡುಗಿಗೂ ಗೊತ್ತಿರಲಿಲ್ಲ, ಪಾಪ. ನಮ್ಮಿಬ್ಬರ ಅಜ್ಞಾನದಲ್ಲಿ ಹತ್ತು ದಿನ ಹೋಯಿತು. ಕೊನೆಗೆ "ಇದು ಒಬ್ಬನೇ ಬಿದ್ದ ಅಪಘಾತ, ಎಫ್‌ಐಆರ್ ಯಾಕೆ ಬೇಕು ಅಂತ ಲಿಖಿತವಾಗಿ ತಿಳಿಸಿ" ಅಂತ ಮೇಲ್ ಹಾಕಿದೆ. ಉತ್ತರ ಬರಲಿಲ್ಲ. ಎಫ್‌ಐಆರ್ ಬೇಡಿಕೆಯೂ ಮತ್ತೆ ಬರಲಿಲ್ಲ.

ನಷ್ಟ ಎಷ್ಟು ಅಂತ ಅಂದಾಜು ಮಾಡುವ ಸರ್ವೇಯರ್ ಬಂದು ನೋಡಿಕೊಂಡು ಹೋಗಿದ್ದರು. ಹತ್ತು ನಿಮಿಷ ಇದ್ದರಂತೆ, ನಾನು ಶಾಲೆಯಲ್ಲಿದ್ದೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಒಂದು ದಿನಕ್ಕೆ ಎಷ್ಟು ಗಾಡಿ ನೋಡಬೇಕೋ ಏನೋ. ಆದರೆ ಒಂದು ತಿಳಿದಿರಲಿ. ಸರ್ವೇಯರ್‌ಗೆ ಲೈಸೆನ್ಸ್ ಕೊಡುವುದು ಐಆರ್‌ಡಿಎಐ, ಕರೆಸುವುದು ಮತ್ತು ಫೀಸ್ ಕೊಡುವುದು ಇನ್ಶೂರೆನ್ಸ್ ಕಂಪನಿ. ಗಾಡಿ ಮಾತ್ರ ನಮ್ಮದು.

ಆಮೇಲೆ ಬಂತು ಮೊತ್ತ. ಶೋರೂಮಿನ ಎಸ್ಟಿಮೇಟ್ 29,400. ಕಂಪನಿ ಕೊಡ್ತೀನಿ ಅಂದಿದ್ದು 12,150. ಒಂದು ಎಸ್‌ಎಂಎಸ್, ಅದರಲ್ಲಿ ಒಂದು ಸಂಖ್ಯೆ, ಅಷ್ಟೇ. ಉಳಿದ 17,250 ಎಲ್ಲಿ ಹೋಯಿತು?

ನಾನು ಲೆಕ್ಕದ ಮೇಷ್ಟ್ರು. ಉತ್ತರ ಮಾತ್ರ ಬರೆದು ಹಂತ ಬರೆಯದ ಹುಡುಗನಿಗೆ ನಾನು ಅಂಕ ಕೊಡೋದಿಲ್ಲ. ಆ ರಾತ್ರಿ ಪಾಲಿಸಿ ತೆಗೆದು ಕುಳಿತೆ. ಮೊದಲ ಸಲ ಪೂರ್ತಿ ಓದಿದೆ. ಬೋರ್ಡ್ ಮೇಲೆ ಬರೀತೀನಿ, ಸ್ವಲ್ಪ ನೋಡಿ.

ಬೈಕ್ ತೆಗೆದುಕೊಂಡಿದ್ದು 2021ರ ಜನವರಿ. ಬಿದ್ದಾಗ ಮೂರೂವರೆ ವರ್ಷದ ಗಾಡಿ. ಮಾಮೂಲಿ ಪಾಲಿಸಿಯಲ್ಲಿ ಹೊಸ ಭಾಗ ಹಾಕಿದರೆ ಅದರ ಪೂರ್ತಿ ಬೆಲೆ ಕೊಡೋದಿಲ್ಲ. ಹಳೆಯದು ಎಷ್ಟು ಸವೆದಿತ್ತೋ ಅಷ್ಟನ್ನು ಮುರಿದುಕೊಳ್ಳುತ್ತಾರೆ. ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿ ಆದರೆ ಗಾಡಿ ಎಷ್ಟೇ ಹೊಸದಿರಲಿ ಶೇ. 50 ಕಡಿತ. ನಿನ್ನೆ ತಂದ ಗಾಡಿಗೂ ಅಷ್ಟೇ. ಫೈಬರ್‌ಗ್ಲಾಸ್‌ಗೆ ಶೇ. 30. ಗಾಜಿಗೆ ಕಡಿತ ಇಲ್ಲ. ಕಬ್ಬಿಣ, ಅಲಾಯ್ ಭಾಗಗಳಿಗೆ ಗಾಡಿ ವಯಸ್ಸಿನ ಮೇಲೆ. ಆರು ತಿಂಗಳವರೆಗೆ ಏನೂ ಇಲ್ಲ, ಒಂದು ವರ್ಷದವರೆಗೆ ಶೇ. 5, ಎರಡಕ್ಕೆ 10, ಮೂರಕ್ಕೆ 15, ನಾಲ್ಕಕ್ಕೆ 25, ಐದಕ್ಕೆ 35. ಹತ್ತು ವರ್ಷ ದಾಟಿದರೆ 50.

ಈಗಿನ ಬೈಕ್ ಮುಂದೆ ನಿಂತು ನೋಡಿ. ಎದುರಿಗೆ ಕಾಣುವುದೆಲ್ಲಾ ಪ್ಲಾಸ್ಟಿಕ್. ಬಿದ್ದರೆ ಮೊದಲು ಒಡೆಯುವುದೂ ಅದೇ. ಅದಕ್ಕೇ ಕಾರಿಗಿಂತ ಬೈಕಿನವರಿಗೆ ಈ ಅರ್ಧದ ಲೆಕ್ಕ ಜಾಸ್ತಿ ಚುಚ್ಚುತ್ತೆ.

ನನ್ನ ಬಿಲ್ಲಿನಲ್ಲಿ ಹೆಡ್‌ಲೈಟ್ ಡೂಮ್, ಮಡ್‌ಗಾರ್ಡ್, ಇಂಡಿಕೇಟರ್, ಟ್ಯಾಂಕ್ ಪಕ್ಕದ ಕವರ್ ಎಲ್ಲಾ ಸೇರಿ ಪ್ಲಾಸ್ಟಿಕ್ 7,600. ಅರ್ಧ ಹೋಗಿ 3,800. ಫೋರ್ಕ್ ಪೈಪ್ ಎರಡು, ಅವನ್ನು ಹಿಡಿದಿಡುವ ಟಿ, ಹ್ಯಾಂಡಲ್, ಇಂಜಿನ್ ಕವರ್, ಅಲಾಯ್ ಚಕ್ರ ಸೇರಿ ಲೋಹದ್ದು 14,400. ಕಾಲು ಭಾಗ ಹೋಗಿ 10,800. ಲೇಬರ್ 2,800 ಪೂರ್ತಿ ಸಿಗಬೇಕು. ಟ್ಯಾಂಕಿಗೆ ಪೇಂಟ್ 2,000. ಅದರಲ್ಲಿ ಕಾಲು ಭಾಗ ಬಣ್ಣದ ಸಾಮಾನು ಅಂತ ಲೆಕ್ಕ ಹಿಡಿದು, ಆ ಕಾಲಿನಲ್ಲಿ ಅರ್ಧ ಕಡಿತ. ಅಂದರೆ 250 ಹೋಗಿ 1,750. ಆಯಿಲ್‌ನಂಥ ಖರ್ಚಾಗಿ ಹೋಗುವ ಸಾಮಾನು ಅಂತ 1,100 ಇತ್ತು, ಅದು ಕೊಡಲ್ಲ. ಲೆಗ್ ಗಾರ್ಡ್ 1,500. ಅದನ್ನು ನಾನು ಹೊರಗಡೆ ಹಾಕಿಸಿದ್ದು, ಪಾಲಿಸಿಯಲ್ಲಿ ತೋರಿಸಿರಲಿಲ್ಲ, ಹಾಗಾಗಿ ಕೊಡಲ್ಲ. ನನ್ನ ಕಾಲು ಉಳಿಸಿದ್ದು ಅದೇ ಲೆಗ್ ಗಾರ್ಡ್, ಅದು ಬೇರೆ ಮಾತು. ಕೊನೆಗೆ ಎಲ್ಲರಿಗೂ ಕಡ್ಡಾಯವಾಗಿ ಮುರಿಯುವ 100 ರೂಪಾಯಿ.

ಕೂಡಿ, ಕಳೆದು ನೋಡಿದರೆ ನಿಯಮದ ಪ್ರಕಾರವೇ ನನಗೆ ಬರಬೇಕಾದ್ದು 19,050. ಅಂದರೆ ಕಂಪನಿಯವರು ಒಂದೂ ತಪ್ಪು ಮಾಡದಿದ್ದರೂ ನನ್ನ ಜೇಬಿಂದ 10,350 ಹೋಗಬೇಕಿತ್ತು. ಇದು ಮೋಸ ಅಲ್ಲ. ನಾನು ಸಹಿ ಹಾಕಿದ ಒಪ್ಪಂದ. ಝೀರೋ ಡೆಪ್ ಅಂತ ಒಂದು ಜೋಡಣೆ ಸಿಗುತ್ತೆ, ಬಂಪರ್ ಟು ಬಂಪರ್ ಅಂತಲೂ ಅನ್ನುತ್ತಾರೆ. ಇನ್ನೊಂದಿಷ್ಟು ಪ್ರೀಮಿಯಂ ಕೊಟ್ಟರೆ ಈ ಸವಕಳಿ ಮುರಿಯುವುದಿಲ್ಲ. ಜನವರಿಯಲ್ಲಿ ಫೋನಿನಲ್ಲೇ ಎರಡು ನಿಮಿಷಕ್ಕೆ ರಿನ್ಯೂ ಮಾಡಿದಾಗ ಅದರ ಮುಂದಿನ ಟಿಕ್ ತೆಗೆದವನು ನಾನೇ. ಉಳಿಸಿದ್ದು ಕೆಲವು ನೂರು.

ಆದರೆ 19,050ಕ್ಕೂ 12,150ಕ್ಕೂ ನಡುವೆ 6,900 ಇದೆಯಲ್ಲ, ಅದು ಯಾವ ನಿಯಮ? ಫೋನಿನಲ್ಲಿ ಕೇಳಿದರೆ "ಸರ್ವೇಯರ್ ಅಸೆಸ್‌ಮೆಂಟ್ ಸರ್" ಅನ್ನುತ್ತಾರೆ. ಸರ್ವೇಯರ್‌ಗೆ ಕೇಳಿದರೆ "ರಿಪೋರ್ಟ್ ಕಂಪನಿಗೆ ಕೊಟ್ಟಾಗಿದೆ". ಶೋರೂಮಿನವರು "ನಮಗೂ ಮೊತ್ತ ಅಷ್ಟೇ ಬಂದಿರೋದು ಸರ್" ಅಂದರು.

ಆಗಲೇ ನನಗೆ ಈ ಆಟ ಅರ್ಥವಾಗಿದ್ದು. ಕಾರಿನವನಿಗೆ ಎರಡು ಲಕ್ಷ ಕಡಿಮೆ ಬಂದರೆ ಲಾಯರ್ ಹಿಡೀತಾನೆ. ನಮ್ಮದು 6,900. ಬಿಡೋಕೆ ಜಾಸ್ತಿ, ಬಡಿದಾಡೋಕೆ ಕಮ್ಮಿ. ಒಂದು ದಿನ ರಜೆ ಹಾಕಿ, ಆಟೋ ಹಿಡಿದು, ಜೆರಾಕ್ಸ್ ಮಾಡಿಸಿ ಓಡಾಡಿದರೆ ಅದರಲ್ಲೇ ಒಂದಿಷ್ಟು ಕರಗುತ್ತೆ. ಮನೆಯಲ್ಲೂ "ಹೋಗ್ಲಿ ಬಿಡ್ರಿ, ಜೀವ ಉಳೀತಲ್ಲ" ಅನ್ನುತ್ತಾರೆ. ಬೈಕ್ ಕ್ಲೇಮುಗಳೆಲ್ಲಾ ಹೆಚ್ಚುಕಮ್ಮಿ ಈ ಅಳತೆಯವೇ. ಬೇಕೆಂದೇ ಹೀಗೆ ಮಾಡುತ್ತಾರೆ ಅಂತ ನಾನು ಹೇಳಲಾರೆ. ಆದರೆ ನಾವು ಸುಸ್ತಾಗಿ ಬಿಟ್ಟರೆ ಲಾಭ ಯಾರಿಗೆ ಅನ್ನೋದಕ್ಕೆ ಗಣಿತ ಬೇಕಾಗಿಲ್ಲ.

ನಾನೂ ಬಿಡುತ್ತಿದ್ದೆ. ನಮ್ಮ ಶಾಲೆಯ ಕ್ಲರ್ಕ್ ಒಂದು ಮಾತು ಹೇಳಿದರು. ಸರ್ಕಾರಿ ಕಾಗದದಲ್ಲಿ ಪಳಗಿದವರು ಅವರು. "ಮೇಷ್ಟ್ರೇ, ದುಡ್ಡು ಕೇಳ್ಬೇಡಿ. ಕಾಗದ ಕೇಳಿ. ದುಡ್ಡು ಕೇಳಿದ್ರೆ ಇಲ್ಲ ಅನ್ನಬಹುದು. ಕಾಗದ ಕೇಳಿದ್ರೆ ಇಲ್ಲ ಅನ್ನೋಕೆ ಇನ್ನೊಂದು ಕಾಗದ ಬರೀಬೇಕು."

ಕೇಳಿದೆ. ಪ್ರತಿ ಇನ್ಶೂರೆನ್ಸ್ ಕಂಪನಿಗೂ ದೂರು ಅಧಿಕಾರಿ ಅಂತ ಒಬ್ಬರು ಇರುತ್ತಾರೆ. ಗ್ರೀವೆನ್ಸ್ ಆಫೀಸರ್ ಅಂತ ಅವರ ವೆಬ್‌ಸೈಟಿನಲ್ಲೂ ಪಾಲಿಸಿಯ ಕೊನೆಯ ಪುಟಗಳಲ್ಲೂ ಮೇಲ್ ವಿಳಾಸ ಇರುತ್ತೆ. ಅಲ್ಲಿಗೆ ನಾಲ್ಕು ಸಾಲು ಬರೆದೆ. ಸರ್ವೇ ವರದಿಯ ಪ್ರತಿ ಕೊಡಿ. ಯಾವ ಭಾಗಕ್ಕೆ ಎಷ್ಟು ಕೊಟ್ಟಿದ್ದೀರಿ, ಯಾವುದನ್ನು ಯಾಕೆ ಬಿಟ್ಟಿದ್ದೀರಿ ತಿಳಿಸಿ. ಪಾಲಿಸಿಯ ಯಾವ ಷರತ್ತಿನ ಪ್ರಕಾರ ಅಂತ ಬರೆಯಿರಿ. ಕ್ಲೇಮ್ ನಂಬರ್ ಇಷ್ಟು. ಸಿಟ್ಟಿನ ಪದ ಒಂದೂ ಇರಲಿಲ್ಲ. ಮೊದಲ ಕರಡಿನಲ್ಲಿ ತುಂಬಾ ಇದ್ದವು, ಹೆಂಡತಿ ಹೊಡೆದು ಹಾಕಿದಳು.

ಸರ್ವೇ ವರದಿ ಗುಟ್ಟಿನ ಕಾಗದ ಅಲ್ಲ ಕಣ್ರೀ. ಕೇಳಿದರೆ ಅದರ ಪ್ರತಿ ಪಾಲಿಸಿದಾರನಿಗೆ ಕೊಡಬೇಕು ಅನ್ನೋದು ನಿಯಮದಲ್ಲೇ ಇದೆ. ನಮ್ಮ ಗಾಡಿಯ ಹಣೆಬರಹ ಬರೆದ ಕಾಗದವನ್ನು ನಾವೇ ನೋಡದೆ ಮೊತ್ತಕ್ಕೆ ಒಪ್ಪಿಗೆ ಕೊಡುತ್ತೇವೆ.

ಐದನೇ ದಿನ ಬಂತು. ಎರಡು ಪುಟ. ಅಲಾಯ್ ಚಕ್ರದ ಮುಂದೆ "ಹಳೆಯ ಹಾನಿ, ಅಪಘಾತಕ್ಕೆ ಸಂಬಂಧವಿಲ್ಲ" ಅಂತ ಬರೆದಿದ್ದರು. ಫೋರ್ಕ್ ಪೈಪ್‌ಗಳ ಮುಂದೆ "ಬದಲಾಯಿಸುವುದು ಬೇಡ, ಸೀದಾ ಮಾಡಿಸಬಹುದು" ಅಂತ. ಚಕ್ರಕ್ಕೆ 3,300, ಫೋರ್ಕಿಗೆ 3,600. ಕೂಡಿಸಿದರೆ ಸರಿಯಾಗಿ 6,900. ಆ ಸಂಖ್ಯೆ ತಾಳೆ ಆದಾಗ ನನಗೆ ನಿಜಕ್ಕೂ ಖುಷಿಯಾಯಿತು. ಹೆಂಡತಿ ವಿಚಿತ್ರವಾಗಿ ನೋಡಿದಳು.

ಈಗ ಜಗಳಕ್ಕೆ ಒಂದು ತಳ ಸಿಕ್ಕಿತು. ಅಲ್ಲಿವರೆಗೆ "ಕಮ್ಮಿ ಕೊಟ್ಟಿದ್ದೀರಿ" ಅನ್ನುತ್ತಿದ್ದವನು "ಚಕ್ರದ ಬಿರುಕು ಹಳೆಯದಲ್ಲ, ಇಗೋ ಫೋಟೋ" ಅನ್ನೋ ಹಾಗಾಯಿತು. ಹೆಂಡತಿಗೆ ಕಳಿಸಿದ ಫೋಟೋ ಮೇಲೆ ದಿನಾಂಕ, ಸಮಯ ಇತ್ತು. ಬಿರುಕಿನಲ್ಲಿ ಹೊಳೆಯುವ ಹೊಸ ಲೋಹ ಕಾಣುತ್ತಿತ್ತು. ಹಳೆಯದಾದರೆ ಕಪ್ಪಗೆ ಮಣ್ಣು ಕೂತಿರುತ್ತೆ. ಫೋರ್ಕ್ ವಿಷಯಕ್ಕೆ ಶೋರೂಮಿನ ಸರ್ವಿಸ್ ಮ್ಯಾನೇಜರ್ ಹತ್ತಿರ ಬರೆಸಿಕೊಂಡೆ. ಬೆಂಡಾದ ಪೈಪ್ ಸೀದಾ ಮಾಡಿದರೆ ಆಯಿಲ್ ಸೀಲ್ ನಿಲ್ಲೋದಿಲ್ಲ, ಬ್ರೇಕ್ ಹಿಡಿದಾಗ ಹ್ಯಾಂಡಲ್ ಎಳೆಯಬಹುದು ಅಂತ. ಬಾಯಲ್ಲಿ ಅವರು ಮೊದಲ ದಿನವೇ ಹೇಳಿದ್ದರು. ಬರೆದು ಕೊಡಿ ಅಂದಾಗ ಮೂರು ದಿನ ತೆಗೆದುಕೊಂಡರು.

ಮತ್ತೊಮ್ಮೆ ಪರಿಶೀಲನೆ ಆಯಿತು. ಈ ಸಲ ರಜೆ ಹಾಕಿ ಪಕ್ಕದಲ್ಲೇ ನಿಂತಿದ್ದೆ. ಚಕ್ರ ಒಪ್ಪಿದರು. ಫೋರ್ಕಿನಲ್ಲಿ ಒಂದು ಪೈಪ್ ಒಪ್ಪಿದರು, ಇನ್ನೊಂದು ಅಷ್ಟು ಬೆಂಡಾಗಿಲ್ಲ ಅಂದರು. ಅಳತೆ ಮಾಡಿ ತೋರಿಸಿ ಅಂದೆ. ಅಳೆಯೋ ಸಾಧನ ಇಲ್ಲ ಅಂದರು. ನಾನೂ ಸೋತಿದ್ದೆ, ಬಿಟ್ಟೆ. ಒಂದು ಪೈಪ್ ಹೊಸದು ಇನ್ನೊಂದು ಹಳೆಯದು ಹಾಕಬಾರದು ಅಂತ ಮೆಕ್ಯಾನಿಕ್ ಹೇಳಿದ್ದರಿಂದ ಎರಡನೆಯದಕ್ಕೆ ನಾನೇ ದುಡ್ಡು ಕೊಟ್ಟೆ.

ಕೊನೆಗೆ ಕಂಪನಿಯಿಂದ ಬಂದದ್ದು 17,250. ನನ್ನ ಜೇಬಿಂದ ಹೋದದ್ದು 12,150. ಕಂಪನಿ ಮೊದಲು ಕೊಡ್ತೀನಿ ಅಂದಿದ್ದ ಸಂಖ್ಯೆಯೇ ತಿರುಗಿ ನನ್ನ ಪಾಲಿಗೆ ಬಂತು ನೋಡಿ. ಇಂಥ ಲೆಕ್ಕ ನಾನು ಪರೀಕ್ಷೆಗೆ ಕೊಟ್ಟರೆ ಮಕ್ಕಳು ಪ್ರಿಂಟ್ ತಪ್ಪು ಅನ್ನುತ್ತಾರೆ.

ಇಲ್ಲಿ ಒಬ್ಬರು ಕೇಳಿದರು, "ಅವರು ಬಗ್ಗದೇ ಇದ್ದಿದ್ರೆ ಏನ್ ಮಾಡ್ತಿದ್ರಿ?"

ಮೊದಲು ಬಿಮಾ ಭರೋಸಾ ಅನ್ನೋ ಐಆರ್‌ಡಿಎಐ ಪೋರ್ಟಲಿನಲ್ಲಿ ದೂರು ಹಾಕುತ್ತಿದ್ದೆ. 155255ಕ್ಕೆ ಫೋನ್ ಮಾಡಿದರೂ ಆಗುತ್ತೆ. ಕಂಪನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ, ಇಂಥ ದೂರು ಕೇಳಿ ತೀರ್ಮಾನಿಸುವ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕಕ್ಕೆ ಬೆಂಗಳೂರಿನ ಜೆ.ಪಿ. ನಗರದಲ್ಲಿ ಕಚೇರಿ. ಫೀಸ್ ಇಲ್ಲ. ಲಾಯರ್ ಬೇಡ. 50 ಲಕ್ಷದವರೆಗಿನ ದೂರು ಕೇಳುತ್ತಾರೆ. ಕಂಪನಿ ಇಲ್ಲ ಅಂದ ಮೇಲೆ ಒಂದು ವರ್ಷದೊಳಗೆ ಹೋಗಬೇಕು. ವಿಡಿಯೋದಲ್ಲೇ ವಿಚಾರಣೆ ನಡೆಸಲು ಅವಕಾಶ ಇದೆ. ಅದು ಬೇಡ ಅಂದರೆ ನಮ್ಮ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಕಾಯ್ದೆ ಬಂದ ಮೇಲೆ ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಕಂಪನಿಯ ಹೆಡ್ಡಾಫೀಸು ಮುಂಬೈನಲ್ಲಿದ್ದರೂ ಸರಿ. ಎರಡು ವರ್ಷದ ಗಡುವು. ನಮ್ಮಂಥವರ ಪ್ರೀಮಿಯಂ ಮೊತ್ತಕ್ಕೆ ಶುಲ್ಕವೂ ಇಲ್ಲ. ಆದರೆ ಗ್ರಾಹಕರ ಆಯೋಗಕ್ಕೆ ಹೋದ ಮೇಲೆ ಅದೇ ವಿಷಯಕ್ಕೆ ಓಂಬುಡ್ಸ್‌ಮನ್ ಹತ್ತಿರ ಹೋಗೋಕಾಗಲ್ಲ, ಯೋಚಿಸಿ ಹೆಜ್ಜೆ ಇಡಿ.

ಬೈಕ್ ಕಳುವಾದ ಹುಡುಗನ ತಂದೆಯೊಬ್ಬರು ಇಲ್ಲಿದ್ದರು. ಪೊಲೀಸ್ ದೂರು ಮರುದಿನವೇ ಕೊಟ್ಟಿದ್ದಾರೆ, ಇನ್ಶೂರೆನ್ಸಿಗೆ ತಿಳಿಸಿದ್ದು ತಡವಾಗಿದೆ. ಅಷ್ಟಕ್ಕೇ ಕ್ಲೇಮ್ ಕೊಡಲ್ಲ ಅಂದಿದ್ದಾರಂತೆ. ಅವರಿಗೆ ಒಂದು ವಿಷಯ. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದೆ: ಕಳುವಾದ ತಕ್ಷಣ ಎಫ್‌ಐಆರ್ ಆಗಿದ್ದು, ಕಳುವಾದದ್ದು ನಿಜ ಅಂತಾದರೆ, ಕಂಪನಿಗೆ ತಡವಾಗಿ ತಿಳಿಸಿದರು ಅನ್ನೋ ಕಾರಣಕ್ಕೆ ಮಾತ್ರ ಕ್ಲೇಮ್ ತಳ್ಳಿಹಾಕುವಂತಿಲ್ಲ. ಆ ಹುಡುಗನ ಕಾಗದ ತೆಗೆದುಕೊಂಡು ಓಂಬುಡ್ಸ್‌ಮನ್ ಹತ್ತಿರ ಹೋಗಿ.

"ಚಿಕ್ಕಪುಟ್ಟದಕ್ಕೂ ಕ್ಲೇಮ್ ಮಾಡ್ಬೇಕಾ?" ಅಂತ ಇನ್ನೊಬ್ಬರು ಕೇಳಿದರು. ಲೆಕ್ಕ ಹಾಕಿ. ಕ್ಲೇಮ್ ಇಲ್ಲದ ಪ್ರತಿ ವರ್ಷಕ್ಕೆ ನೋ ಕ್ಲೇಮ್ ಬೋನಸ್ ಅನ್ನೋ ಪ್ರೀಮಿಯಂ ರಿಯಾಯಿತಿ ಏರುತ್ತೆ: ಶೇ. 20, 25, 35, 45, 50. ಒಂದು ಕ್ಲೇಮ್ ಮಾಡಿದರೆ ಸೊನ್ನೆಗೆ ಬೀಳುತ್ತೆ. ಆದರೆ ಆ ರಿಯಾಯಿತಿ ಸ್ವಂತ ಗಾಡಿಯ ಹಾನಿಗೆ ಕಟ್ಟುವ ಭಾಗಕ್ಕೆ ಮಾತ್ರ, ಬೇರೆಯವರ ನಷ್ಟಕ್ಕೆ ಕಟ್ಟುವ ಥರ್ಡ್ ಪಾರ್ಟಿ ಭಾಗಕ್ಕಿಲ್ಲ. ನನಗೆ ಶೇ. 35 ಇತ್ತು, ಮುಂದಿನ ವರ್ಷ 45 ಆಗಬೇಕಿತ್ತು. ದುಡ್ಡಿನಲ್ಲಿ ಅದು 500 ರೂಪಾಯಿಯ ಆಸುಪಾಸು. ಒಂದು ಇಂಡಿಕೇಟರ್, ಒಂದು ಲಿವರ್ ಮುರಿದರೆ ಸುಮ್ಮನೆ ಮೆಕ್ಯಾನಿಕ್ ಹತ್ತಿರ ಹಾಕಿಸಿ. ಹತ್ತಿಪ್ಪತ್ತು ಸಾವಿರದ ರಿಪೇರಿಗೆ ಬೋನಸ್ ಹೋಗುತ್ತೆ ಅಂತ ಹೆದರಿ ಕೂರಬೇಡಿ.

ಗಾಡಿ ಪೂರ್ತಿ ಹಾಳಾದರೆ ಬೇರೆ ಲೆಕ್ಕ. ಪಾಲಿಸಿಯಲ್ಲಿ ಐಡಿವಿ ಅಂತ ಒಂದು ಮೊತ್ತ ಇರುತ್ತೆ, ಆ ವರ್ಷಕ್ಕೆ ಒಪ್ಪಿದ ಗಾಡಿ ಬೆಲೆ. ರಿಪೇರಿ ಖರ್ಚು ಅದರ ಶೇ. 75 ದಾಟಿದರೆ ಟೋಟಲ್ ಲಾಸ್ ಅಂತ ಹಿಡಿಯುತ್ತಾರೆ. ನನ್ನದು 72,000, ಅಂದರೆ 54,000 ದಾಟಬೇಕಿತ್ತು. ಪ್ರೀಮಿಯಂ ನೂರು ರೂಪಾಯಿ ಕಮ್ಮಿ ಆಗುತ್ತೆ ಅಂತ ಐಡಿವಿ ಇಳಿಸಿ ಕೊಡುವವರಿದ್ದಾರೆ. ಬೇಡ.

ಇನ್ನು ನಾನು ಮೊದಲೇ ಹೇಳಬೇಕಾಗಿದ್ದು, ಕೊನೆಗೆ ಉಳಿದುಹೋಯಿತು. ನನ್ನದು ಕನಿಷ್ಠ ಜಗಳ ಆಡೋಕೆ ಪಾಲಿಸಿ ಇದ್ದ ಕಥೆ. ಎನ್.ಆರ್. ವೃತ್ತದ ಹತ್ತಿರ ಬಿದ್ದ ನಮ್ಮ ಪಕ್ಕದ ಮನೆ ಹುಡುಗನಿಗೆ ಅದೂ ಇರಲಿಲ್ಲ, ಇದೆ ಅಂದುಕೊಂಡಿದ್ದ. 2018ರ ಸೆಪ್ಟೆಂಬರ್ 1ರಿಂದ, ಸುಪ್ರೀಂ ಕೋರ್ಟ್ ಆದೇಶದಂತೆ, ಹೊಸ ಬೈಕ್ ಕೊಂಡಾಗಲೇ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾಡಿಸಬೇಕು. ಥರ್ಡ್ ಪಾರ್ಟಿ ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟಕ್ಕೆ. ನಮ್ಮ ಗಾಡಿ ರಿಪೇರಿಗೆ ಅದರಲ್ಲಿ ಒಂದು ನಟ್ಟೂ ಸಿಗೋದಿಲ್ಲ. ಶೋರೂಮಿನಲ್ಲಿ ಅದರ ಜೊತೆಗೆ ಒಂದು ವರ್ಷದ ಸ್ವಂತ ಹಾನಿ ಪಾಲಿಸಿ ಸೇರಿಸಿ ಕೊಡುತ್ತಾರೆ. ಒಂದು ವರ್ಷ ಆದ ಮೇಲೆ ಅದು ಮುಗಿಯುತ್ತೆ. ಇನ್ನೊಂದು ನಡೀತಾ ಇರುತ್ತೆ. ಪೊಲೀಸರು ಅಡ್ಡ ಹಾಕಿ ನೋಡಿದರೂ ದಂಡ ಬೀಳೋದಿಲ್ಲ, ಕಾನೂನಿಗೆ ಬೇಕಾಗಿರೋದು ಥರ್ಡ್ ಪಾರ್ಟಿ ಮಾತ್ರ. ಹಾಗಾಗಿ ಬೀಳುವವರೆಗೂ ಗೊತ್ತೇ ಆಗೋದಿಲ್ಲ. ಸ್ವಂತ ಹಾನಿ ಪಾಲಿಸಿಯನ್ನು ಬೇರೆಯಾಗಿ ಕೊಳ್ಳಬಹುದು, 2019ರಿಂದ ಸಿಗುತ್ತೆ. ಮುಗಿದು 90 ದಿನ ದಾಟಿದರೆ ಬೋನಸ್ ಹೋಗುತ್ತೆ, ಗಾಡಿಯನ್ನೂ ತೋರಿಸಿ ಅನ್ನಬಹುದು.

ಫೋನ್ ತೆಗೆದು ಪಾಲಿಸಿ ನೋಡಿ ಅಂದೆ. ಅದರಲ್ಲಿ ಎರಡು ದಿನಾಂಕ ಇರುತ್ತೆ, ಓನ್ ಡ್ಯಾಮೇಜ್ ಅಂತ ಒಂದು, ಲಯಬಿಲಿಟಿ ಅಂತ ಇನ್ನೊಂದು. ಮೊದಲನೆಯದನ್ನು ನೋಡಿ.

ಮೂರನೇ ಸಾಲಿನಲ್ಲಿ ಒಬ್ಬ ಯಜಮಾನರು ಕುಳಿತಿದ್ದರು. ಮಾತು ಶುರುವಾಗುವ ಮೊದಲು ಟೀ ಕುಡಿಯುವಾಗ ಅವರು ನನಗೆ "ನಂದು ಫುಲ್ ಇನ್ಶೂರೆನ್ಸ್ ಮೇಷ್ಟ್ರೇ, 2027ರವರೆಗೂ ಚಿಂತೆ ಇಲ್ಲ" ಅಂದಿದ್ದರು. ಕನ್ನಡಕ ಹಣೆ ಮೇಲೆ ಏರಿಸಿ, ಫೋನ್ ಕಣ್ಣ ಹತ್ತಿರ ಹಿಡಿದು ತುಂಬಾ ಹೊತ್ತು ನೋಡಿದರು. ಆಮೇಲೆ ಪಕ್ಕದ ಹುಡುಗನ ಕೈಗೆ ಕೊಟ್ಟು, "ಇದು ಇಪ್ಪತ್ಮೂರಾ, ಇಪ್ಪತ್ತೇಳಾ, ನೋಡಪ್ಪಾ" ಅಂದರು.